ಅತ್ತೆಯನ್ನು ಹೆಸರು ಹಿಡಿದು ಕರೆದವರು

ನನ್ನ ಸೋದರತ್ತೆ ಆಸ್ಪತ್ರೆಯನ್ನೇ ದೆವ್ವ ಮಾಡಿಬಿಟ್ಟವಳು! ನಂಬುವುದಿಲ್ಲವೆ? ಶಿವನಿ ಸ್ಟೇಷನ್ ರಸ್ತೆಯಲ್ಲಿ ಅವಳ ದಿನಸಿ ಅಂಗಡಿ ಇದೆ. ಅಲ್ಲಿ ನಿಂತು "ಅರ್ಧ ಕೆಜಿ ಸಕ್ಕರೆ" ಎಂದು ಒಂದು ಸಲ ಕೇಳಿದರೆ ಆಕೆ ಕತ್ತೆತ್ತುವುದಿಲ್ಲ. ಎರಡನೆಯ ಸಲಕ್ಕೂ ಇಲ್ಲ. ಮೂರನೆಯ ಸಲ ಕೂಗಿದರೆ ಮಾತ್ರ "ಏನು?" ಎನ್ನುತ್ತಾಳೆ. ಕಿವುಡಿ ಎಂದುಕೊಳ್ಳಬೇಡಿ. ದೆವ್ವಗಳಿಗೆ ಮೂರನೆಯ ಸಲ ಕರೆಯುವ ಶಕ್ತಿ ಇಲ್ಲವಂತೆ. ಬಂದವನು ಮನುಷ್ಯನೇ ಎಂದು ಖಾತ್ರಿಯಾಗದೆ ಸಕ್ಕರೆ ತೂಗುವುದು ಹೇಗೆ, ನೀವೇ ಹೇಳಿ!

ಅಂಗಡಿ ಬಾಗಿಲ ಮೇಲೆ ಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದಿದ್ದಾಳೆ. ಮುಸ್ಸಂಜೆಯಲ್ಲಿ ಹೆಸರು ಹಿಡಿದು ಕರೆಯುತ್ತಾ ಬರುವ ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಊರಿಗೆಲ್ಲ ಗೊತ್ತಿರುವ ಉಪಾಯ. ಪಾಪ, ಬಿಸ್ಕತ್ತು ಕಂಪನಿಯ ಹೊಸ ಸೇಲ್ಸ್‌ಮನ್ ಒಬ್ಬ ತನಗೇ ಬರೆದದ್ದೆಂದು ತಿಳಿದು ವಾರಗಟ್ಟಲೆ ಅಲೆದ.

ಇಂಥ ಅತ್ತೆಗೆ ಹೋದ ವರ್ಷ ಎದೆ ಭಾರ ಶುರುವಾಯಿತು. ಅಜ್ಜಂಪುರದಲ್ಲಿ ಆರೋಗ್ಯ ಶಿಬಿರ ನಡೆದಾಗ ಸೊಸೆ ಹೇಗೋ ಕರೆದೊಯ್ದು ಇಸಿಜಿ ಮಾಡಿಸಿದಳು. ಈಗ ವರದಿ ಹಿಡಿದು ಅಲೆಯಬೇಕಿಲ್ಲ ನೋಡಿ! ಎದೆಯ ಗೆರೆಗಳು ಮೊಬೈಲಿನಲ್ಲೇ ದೊಡ್ಡ ಆಸ್ಪತ್ರೆಗೆ ಹೋಗುತ್ತವೆ. ಏನಾದರೂ ತೊಂದರೆ ಇದ್ದರೆ ಅಲ್ಲಿಂದಲೇ ಫೋನು ಬರುತ್ತದೆ.

ಕೆಲವು ದಿನಗಳ ಮೇಲೆ ಕಡೂರಿನಲ್ಲಿರುವ ನನಗೆ ಸೊಸೆಯ ಫೋನು ಬಂತು. ದನಿ ನಡುಗುತ್ತಿತ್ತು.

"ಭಾವ, ಅತ್ತೆ ದಿನಾ ದೀಪ ಹಚ್ಚೋ ಹೊತ್ಗೆ ಹಿತ್ಲಿಗೋಗಿ ಸತ್ತೋರ ಜೊತೆ ಮಾತಾಡ್ತಾರೆ. ಫೋನಲ್ಲಿ!"

"ಸತ್ತೋರಿಗೆ ಯಾವ ನೆಟ್‌ವರ್ಕಮ್ಮ?"

"ತಮಾಷೆ ಬೇಡ. ಬಂದ್ಬಿಡಿ."

ಹೋದೆ. ಕತ್ತಲಾಗುವ ಹೊತ್ತಿಗೆ ಫೋನು ಬಡಿದುಕೊಂಡಿತು. ಅತ್ತೆ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದು, ಸ್ಪೀಕರ್ ಹಾಕಿ, ಬಾಯಿಗೆ ಬೆರಳಿಟ್ಟಳು. ಒಂದು ಹೆಣ್ಣು ದನಿ ಅವಳ ಹೆಸರು ಕರೆಯಿತು. ಏರಿಲ್ಲ, ಇಳಿವಿಲ್ಲ, ಉಸಿರಿನ ಸದ್ದೂ ಇಲ್ಲ. ಮತ್ತೆ ಅದೇ ಹೆಸರು. ಅದೂ ಈಗಿನದಲ್ಲ, ಹುಟ್ಟಿದಾಗ ಇಟ್ಟದ್ದು! ಮದುವೆಯಲ್ಲಿ ಗಂಡನ ಮನೆಯವರು ಅದನ್ನು ಬದಲಾಯಿಸಿದ್ದರು. (ಇಲ್ಲಿ ಬರೆದರೆ ಅತ್ತೆ ನನ್ನ ಕಿವಿ ಹಿಂಡುತ್ತಾಳೆ.)

"ನಾಳೆ ಬಾ" ಎಂದಳು ಅತ್ತೆ.

"ಆಗಲಿ. ನಾಳೆ ಇದೇ ಹೊತ್ತಿಗೆ ಕರೆಯುತ್ತೇನೆ" ಎಂದಿತು ದನಿ.

ಬಾಗಿಲ ಬರಹ ಓದಿ ಸುಮ್ಮನೆ ಹೋಗುವ ದೆವ್ವದ ಕಥೆ ಕೇಳಿದ್ದೆ. ಬಾಯಿಬಿಟ್ಟು ಒಪ್ಪಿಕೊಂಡು ಹೋಗುವುದನ್ನು ಕೇಳಿರಲಿಲ್ಲ!

"ಯಾರತ್ತೆ ಅದು?"

"ಆ ಹೆಸ್ರು ಕೂಗ್ತಿದ್ದೋರು ನಮ್ಮವ್ವ, ನಿಮ್ಮಪ್ಪ. ಇಬ್ರೂ ಮಣ್ಣಾಗವ್ರೆ. ಮತ್ತೆ ಇದ್ಯಾರು, ನೀನೇ ಹೇಳು."

ಹಿತ್ತಲಲ್ಲಿ ತೆಂಗಿನ ಗರಿ ಸರಿದಾಡಿದರೂ ಅಪ್ಪನೇ ಬಂದು ನಿಂತ ಹಾಗೆ ಆಯಿತು.

"ಹೆಸ್ರಿನ ಹಿಂದೆ 'ಅವರೇ' ಅಂತ ಬೇರೆ ಸೇರಿಸ್ತದೆ. ಸತ್ತ ಮೇಲೆ ನಮ್ಮವ್ವಂಗೆ ಮರ್ಯಾದೆ ಬಂದ್ಬಿಟ್ಟೈತೆ!"

ಮರುದಿನ ಸಂಜೆ ಫೋನು ಕಿತ್ತುಕೊಂಡು ನಾನೇ "ಹೇಳಿ" ಎಂದೆ. ದನಿ ಶಾಂತವಾಗಿ ಹೇಳಿತು: "ನಿಮ್ಮ ಇಸಿಜಿಯಲ್ಲಿ ಹೃದಯದ ತೊಂದರೆ ಕಂಡಿದೆ. ತಡಮಾಡದೆ ವೈದ್ಯರನ್ನು ಕಾಣಿರಿ." ಆಸ್ಪತ್ರೆಯ ಯಂತ್ರ! ಹಳೆಯ ಸ್ಕೂಲ್ ಸರ್ಟಿಫಿಕೇಟಿನಿಂದ ಆಧಾರಿಗೆ, ಆಧಾರಿನಿಂದ ಆಸ್ಪತ್ರೆಗೆ ಹೋದ ಹೆಸರನ್ನು ಅದು ಕರೆಯುತ್ತಿತ್ತು. "ನಾಳೆ" ಎಂದರೆ ನಾಳೆಗೆ ಮುಂದೂಡುವಷ್ಟು ಸಭ್ಯ ಯಂತ್ರ. ಪ್ರಾಣದ ಸುದ್ದಿ ಹೊತ್ತು ದಿನವೂ ಬಂದು, ದಿನವೂ ವಾಪಸ್ ಹೋಗಿದೆ!

ತಕ್ಷಣ ಕಾರಿನಲ್ಲಿ ತರೀಕೆರೆಗೆ ಓಡಿದೆವು. ಅತ್ತೆ ದಾರಿಯುದ್ದಕ್ಕೂ ಎದೆ ಹಿಡಿದು ಕುಳಿತಿದ್ದಳು. ಅಲ್ಲಿನ ನರ್ಸಿಂಗ್ ಹೋಮಿನಲ್ಲಿ ಹೃದಯದ ಡಾಕ್ಟರು ಇರುವುದು ಪರದೆಯ ಮೇಲೆ. ಎದೆಯವರೆಗೆ ಮಾತ್ರ ಕಾಣುತ್ತಾರೆ. "ಇವತ್ತೇ ಶಿವಮೊಗ್ಗಕ್ಕೆ ಹೋಗಿ ಅಡ್ಮಿಟ್ ಆಗ್ಬೇಕಮ್ಮ" ಎನ್ನುವಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟು ಮುಖ ಮರಗಟ್ಟಿತು. ಕಣ್ಣು ಪಿಳುಕಿಸದು, ತುಟಿ ಅಲುಗದು, ಮಾತು ಮಾತ್ರ ಬರುತ್ತಲೇ ಇದೆ! ಅತ್ತೆ ಎದ್ದು ನಿಂತಳು.

"ನಾನೊಲ್ಲೆ. ಡಾಕ್ಟ್ರೇ, ನಿಮ್ ಪಾದ ತೋರ್ಸಿ."

"ಪಾದಾನಾ? ತೊಂದ್ರೆ ಇರೋದು ನಿಮ್ಮ ಎದೇಲಿ ಅಮ್ಮ!"

ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನಾನೇ ನಾಚಿಕೊಂಡು ವಿವರಿಸಬೇಕಾಯಿತು. ಪುಣ್ಯಾತ್ಮ ನಕ್ಕು ಕ್ಯಾಮೆರಾ ಕೆಳಗೆ ಬಗ್ಗಿಸಿದರು. ಮೇಲೆ ಕೋಟು, ಟೈ. ಕೆಳಗೆ ಚೌಕಳಿ ಲುಂಗಿ, ಹವಾಯಿ ಚಪ್ಪಲಿ!

"ಬೆರಳು ಮುಂದ್ಕೇ ಅವೆ. ನಡಿ ಹೋಗಾನ" ಎಂದಳು ಅತ್ತೆ.

ಶಿವಮೊಗ್ಗದಲ್ಲಿ ಸ್ಟೆಂಟ್ ಹಾಕಿದರು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಮನೆಗೆ ಕಳುಹಿಸುವ ದಿನ ನರ್ಸಮ್ಮ ಕೇಳಿದಳು: "ಅಜ್ಜಿ, ಕಂಪ್ಯೂಟರಲ್ಲಿರೋ ನಿಮ್ಮ ಹಳೇ ಹೆಸರು ಬದಲಾಯಿಸಲಾ?"

"ಬ್ಯಾಡ ಕಣವ್ವ, ಇರ್ಲಿ."

ನನಗೆ ಸಿಟ್ಟೇ ಬಂತು. "ಅದರಿಂದ್ಲೇ ಜೀವ ಹೋಗ್ತಿತ್ತಲ್ಲತ್ತೆ!"

ಅತ್ತೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಭಯ ಆಗಿದ್ರೆ ಫೋನ್ ಎತ್ತುತ್ಲೇ ಇರ್ಲಿಲ್ಲ ಕಣೋ. ನಿಮ್ಮಪ್ಪ ಹೋದ್ಮೇಲೆ ಆ ಹೆಸ್ರು ಕಿವಿಗೆ ಬಿದ್ದಿರ್ಲಿಲ್ಲ. ನಾಳೆ ಬಾ ಅಂದ್ರೆ ನಾಳೆನೂ ಕೂಗ್ತದಲ್ಲ ಅಂತ..."

ದೊಡ್ಡವರನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಉಂಟೇ? ಆದರೂ ಮಂಚದ ಪಕ್ಕ ಬಾಗಿ, ಅಪ್ಪ ಕರೆಯುತ್ತಿದ್ದ ಹಾಗೆಯೇ ಆ ಹೆಸರು ಕರೆದೆ.

ಅತ್ತೆ ಕಣ್ಣು ಮುಚ್ಚಿಕೊಂಡು "ಓ" ಎಂದಳು.