ಬದಾಮಿಯಾಗ ಒಂದು ತಾಸು

ಲಗ್ನವಾಗಿ ಮೂರು ತಿಂಗಳಾದರೂ ಹೇಮಂತನಿಗೆ ಹೆಂಡತಿ ಜೊತೆ ಒಂದು ತಾಸು ನಿರಾಳವಾಗಿ ಕೂತು ಮಾತಾಡಲು ಆಗಿರಲಿಲ್ಲ. ಒಂದೇ ಒಂದು ತಾಸು. ಪಾಪ, ಅವನೇನು ಅರಮನೆ ಕೇಳಲಿಲ್ಲ. ರೋಣದ ಆ ಮನೆಯಲ್ಲಿ ಪಡಸಾಲೆಯೊಂದು, ಕೋಣೆಯೊಂದು. ಎಲ್ಲಿ ಹೋದರೂ ಅಪ್ಪ ಪ್ರಾಣೇಶರಾಯರು, ಇಲ್ಲವೇ ಅಮ್ಮ ಲೀಲಾಬಾಯಿ.

"ಈ ರವಿವಾರನೂ ಒಂದು ತಾಸು ಸಿಗಲಿಲ್ಲಂದ್ರ ಸೋಮವಾರ ನಾ ತವರಮನಿಗೆ ಹೋಗ್ತೀನಿ" ಎಂದಳು ಮಧುರಾ. ಹೇಳಿದ್ದನ್ನು ಮಾಡುವ ಪೈಕಿ ಆಕೆ.

"ಬದಾಮಿಗೆ ಹೋಗೋಣು."

"ರವಿವಾರ ಅಲ್ಲಿ ಕಾಲಿಡಲಿಕ್ಕೆ ಜಾಗಾ ಇರೂದಿಲ್ರಿ."

"ಮಂದಿ ಇರಲಾರದ ಜಾಗಾ ನನಗ ಗೊತ್ತದ. ನೀ ಸುಮ್ನ ಬಾ."

ಕೊಣ್ಣೂರಿನಲ್ಲಿ ಗೆಳೆಯನ ವಾಸ್ತುಶಾಂತಿ ಎಂದು ಮನೆಯಲ್ಲಿ ಸುಳ್ಳು ಹೇಳಿ ಇಬ್ಬರೂ ಬೈಕು ಹತ್ತಿದರು.

ಗುಹೆಗಳ ಮೆಟ್ಟಿಲಲ್ಲೇ ಹೇಮಂತನ ಆಫೀಸಿನ ಅಬ್ದುಲಮಜೀದ ಸಿಕ್ಕ, ಹನ್ನೊಂದು ಮಂದಿ ಸಂಸಾರ ಸಮೇತ. "ಹೊಸಾ ಜೋಡೀನ ಹಂಗ ಬಿಡಾಕ ಬರ್ತೈತೇನ್ರಿ?" ಎಂದು ಜಮಖಾನೆ ಹಾಸಿ ಕೂರಿಸಿ, ಗಿರಮಿಟ್ ತಿನ್ನಿಸಿ, ಎಲ್ಲರ ನಡುವೆ ನಿಲ್ಲಿಸಿ ಫೋಟೋ ಹೊಡೆದ. ಅಲ್ಲೇ ಒಂದೂವರೆ ತಾಸು ಹೋಯಿತು.

ತಪ್ಪಿಸಿಕೊಂಡು ಕೆರೆಯ ಹಿಂಬದಿಗೆ ಬಂದರೆ ಅಲ್ಲಿ ಬಟ್ಟೆ ಒಗೆಯುತ್ತಿದ್ದ ರಸೂಲಬಿ ಎಂಬ ಮುದುಕಿ. ಮಧುರಾಳ ಕೈಹಿಡಿದು ಕೂರಿಸಿಕೊಂಡು, "ಲಗ್ನಾಗಿ ಎಷ್ಟ ದಿನಾತವಾ? ಏನರ ವಿಶೇಷ ಐತೇನು?" ಎಂದು ಶುರುಮಾಡಿದಳು. ಬಾಣಂತಿಗೆ ಅಂಟಿನುಂಡಿ ಕಟ್ಟುವ ಬಗೆ ಹೇಳಿ ಮುಗಿಸುವತನಕ ಬಿಡಲಿಲ್ಲ.

"ಇದ ಏನ್ರಿ, ನಿಮ್ಮ ಮಂದಿ ಇರಲಾರದ ಜಾಗಾ?"

"ಖರೇ ಜಾಗಾ ಇನ್ನೂ ಮ್ಯಾಲದ. ಮ್ಯಾಪಿನ್ಯಾಗೂ ಇಲ್ಲ ಅದು" ಎಂದ ಹೇಮಂತ, ಧೈರ್ಯ ಕಳಕೊಳ್ಳದೆ.

ಮುಳ್ಳುಕಂಟಿ ಸರಿಸಿ, ಬಂಡೆ ಹತ್ತಿ ಇಳಿದರು. ಮಧುರಾಳ ಸೆರಗು ಹರಿಯಿತು, ಹೇಮಂತನ ಮೊಣಕಾಲು ತರಚಿತು. ಕೊನೆಗೆ ಸಿಕ್ಕಿತು ನೋಡಿ, ಬಂಡೆ ನಡುವೆ ಒಂದಿಷ್ಟು ನೆರಳು, ತಣ್ಣಗಿನ ಗಾಳಿ. ನರಪಿಳ್ಳೆ ಇಲ್ಲ. ಮಧುರಾ ಅವತ್ತು ಮೊದಲ ಸಲ ನಕ್ಕಳು.

"ನಾ ಏನ ಹೇಳಬೇಕಂತಿದ್ದೆ ಅಂದ್ರ…" ಎನ್ನುವಷ್ಟರಲ್ಲಿ ಬಂಡೆಯಾಚೆ ಯಾರೋ ಕಿಸಕ್ಕನೆ ನಕ್ಕರು.

ಹೇಮಂತ ಸಿಟ್ಟಿನಿಂದ ಹೋಗಿ ಇಣುಕಿದ. ಪ್ರಾಣೇಶರಾಯರು ಲೀಲಾಬಾಯಿಗೆ ತಮ್ಮ ಕೈಯಾರೆ ಕರದಂಟು ತಿನ್ನಿಸುತ್ತಿದ್ದರು.

"ಅಪ್ಪಾ, ನೀವಿಲ್ಲಿ?"

"ಸಣ್ಣಾವಿದ್ದಾಗ ನಿನಗ ಈ ಜಾಗಾ ತೋರಿಸಿದಾಂವ ಯಾರೋ?" ಎಂದರು ರಾಯರು, ನಾಚಿಕೆಯನ್ನು ಗದರಿಕೆಯಲ್ಲಿ ಮುಚ್ಚಿಕೊಂಡು. "ನಿನ್ನ ಲಗ್ನಾದಾಗಿಂದ ನಮಗೂ ಮನ್ಯಾಗ ಮಾತಾಡಲಿಕ್ಕೆ ಜಾಗಾ ಇಲ್ಲ. ನೀವು ಹೊಂಟ ಕೂಡ್ಲೆ ಬಸ್ ಹತ್ತಿದ್ವಿ."

ಹೇಮಂತನ ಮುಖ ಅರಳಿತು. ಹೆಂಡತಿಯ ಕೈ ಹಿಡಿದ. "ಹಂಗಾರ ಮನಿ ಖಾಲಿ ಅದ. ಲಗೂ ನಡಿ."

"ಈಗ ಹೋಗಬ್ಯಾಡ್ರೋ" ಎಂದರು ಲೀಲಾಬಾಯಿ. "ಹೆಂಗೂ ಯಾರೂ ಇರೂದಿಲ್ಲ ಅಂತ ಬಾಜೂಮನಿ ಕಲ್ಲವ್ವಗ ಕೀಲಿ ಕೊಟ್ಟು ಬಂದೀನಿ. ಓಣಿ ಹೆಣ್ಣಮಕ್ಕಳೆಲ್ಲಾ ನಮ್ಮ ಪಡಸಾಲ್ಯಾಗ ಶಾವಿಗಿ ಹೊಸಿಲಿಕ್ಕೆ ಕೂತಾರ. ಇಪ್ಪತ್ತು ಮಂದಿ. ಸಂಜಿತನಾ ಏಳೂದಿಲ್ಲ."

ಮಧುರಾ ಗಂಡನ ಕೈ ಬಿಡಿಸಿಕೊಂಡು ಅತ್ತೆಯ ಪಕ್ಕ ಕೂತಳು. "ಅತ್ಯಾರ, ನಾಳೆ ತವರಿಗೆ ಹೋಗಿ ಬರ್ಲೇನ್ರಿ?"

ಲೀಲಾಬಾಯಿ ಗಂಡನ ಕಡೆ ಒಮ್ಮೆ ನೋಡಿ, ಸೊಸೆಯ ತಲೆ ಸವರಿದರು. "ಹೋಗಿ ಬಾರವಾ, ಒಂದು ತಿಂಗಳ ಆರಾಮ ಇದ್ದು ಬಾ. ಹೇಮಂತನ್ನೂ ಕರಕೊಂಡು ಹೋಗು ಅಂತಿದ್ದೆ, ಅವಗ ರಜಾ ಇಲ್ಲಲ್ಲ. ಅವನ್ನ ಅವನ ಆಫೀಸಿನ ಅಬ್ದುಲಮಜೀದನ ಮನ್ಯಾಗ ಇಡ್ತೀನಿ. ನಮಗೂ ಮನ್ಯಾಗ ಒಂದು ತಾಸು ಸಿಗಲಿ."