ನೀವು ಹೋಗಿ ನೋಡಿದೀರಾ ಸಾರ್?

ವಿಶ್ವಾರಾಧ್ಯರ ತಾಪತ್ರಯಕ್ಕೆಲ್ಲ ಮೂಲ ಒಂದು ಸಲ ತಲೆಯಾಡಿಸಿದ್ದು. ಅದೂ ಹನ್ನೊಂದು ವರ್ಷದ ಹಿಂದೆ, ಕೆಂಗೇರಿಯಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅವರು ವಿದೇಶ ವ್ಯಾಸಂಗದ ಸಲಹೆಗಾರರಾಗಿ ಕುರ್ಚಿಯಲ್ಲಿ ಕೂತ ಮೊದಲ ವಾರ. ಫಿನ್‌ಲ್ಯಾಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಆರು ತಿಂಗಳ ಮಟ್ಟಿಗೆ ಮಕ್ಕಳನ್ನು ಕಳಿಸುವ ಏರ್ಪಾಡು ಆಗಷ್ಟೇ ಶುರುವಾಗಿತ್ತು. ಒಬ್ಬ ತಾಯಿ ಬಂದು ಫೀಸು, ಹಾಸ್ಟೆಲು, ಚಳಿ ಎಲ್ಲವನ್ನೂ ವಿಚಾರಿಸಿ, ಕಡೆಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೀವು ಹೋಗಿ ನೋಡಿದೀರಾ ಸಾರ್?" ಅಂದರು. ಆ ಮುಖ ನೋಡಿಕೊಂಡು ಇಲ್ಲ ಅನ್ನಲು ವಿಶ್ವಾರಾಧ್ಯರಿಗೆ ನಾಲಿಗೆ ಏಳಲಿಲ್ಲ. ತಲೆ ಮಾತ್ರ ತನ್ನಷ್ಟಕ್ಕೆ ತಾನೇ ಹೌದೆಂದು ಆಡಿಬಿಟ್ಟಿತು.

ಫಿನ್‌ಲ್ಯಾಂಡ್ ಹಾಗಿರಲಿ, ಅವರು ಅವತ್ತಿನವರೆಗೆ ವಿಮಾನವನ್ನೇ ಹತ್ತಿದವರಲ್ಲ. ಇವತ್ತಿನವರೆಗೂ ಇಲ್ಲ.

ಆದರೆ ಬಂದ ತಂದೆತಾಯಿಗಳದೆಲ್ಲ ಅದೊಂದೇ ಪ್ರಶ್ನೆ, ಇವರದು ಅದೊಂದೇ ಉತ್ತರ. ಒಂದು ಸುಳ್ಳು ಮುಚ್ಚುವುದಕ್ಕೆ ನೂರು ಸುಳ್ಳು ಅನ್ನುತ್ತಾರಲ್ಲ, ವಿಶ್ವಾರಾಧ್ಯರು ಪಾಪ, ನೂರು ನಿಜಗಳನ್ನು ಗುಡ್ಡೆ ಹಾಕಿದರು. ಹೋದ ಪ್ರತಿ ಹುಡುಗ ಹುಡುಗಿಯೂ ವಾರಕ್ಕೊಮ್ಮೆ ಅಲ್ಲಿನ ಸಮಾಚಾರ ಬರೆದು ಕಳಿಸಬೇಕೆಂದು ಕಟ್ಟಳೆ ಮಾಡಿದರು. ಹಾಸ್ಟೆಲಿನ ಹಿಂದೆ ಬೇಕರಿ ಇದೆ, ಬಟ್ಟೆ ಒಗೆಯುವ ಮಿಷನ್ನು ನೆಲಮಾಳಿಗೆಯಲ್ಲಿ, ಕ್ಯಾಂಟೀನಿನ ದಪ್ಪ ಹೆಂಗಸಿಗೆ ನಕ್ಕು "ಕೀತೋಸ್" ಎಂದು ಅವರ ಭಾಷೆಯಲ್ಲಿ ಥ್ಯಾಂಕ್ಸ್ ಹೇಳಿದರೆ ಇನ್ನೊಂದು ಆಲೂಗಡ್ಡೆ ಬಡಿಸುತ್ತಾಳೆ, ಹೀಗೆ ಮೂರು ದಪ್ಪ ನೋಟ್‌ಬುಕ್ಕು ತುಂಬಿದವು. ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಡಲು ಒಂದು ನುಣುಪು ಕಲ್ಲು ಇತ್ತು. ಯಾರೋ ಒಬ್ಬರು ಅದನ್ನು ಎತ್ತಿಕೊಂಡು "ಅಲ್ಲೀದಾ ಸಾರ್?" ಅಂದಾಗ ತಲೆ ಮತ್ತೆ ಆಡಿತು. ಅಲ್ಲಿಂದ ಅದು ಫಿನ್‌ಲ್ಯಾಂಡಿನ ಸರೋವರದ ಕಲ್ಲಾಯಿತು. ಭಾನುವಾರದ ವಾಕಿಂಗಿನಲ್ಲಿ ಅವರದನ್ನು ಹೆಕ್ಕಿದ್ದು ಮಲ್ಲತ್ತಹಳ್ಳಿ ಕೆರೆ ದಂಡೆಯಲ್ಲಿ.

ಊರಿಗೆಲ್ಲ ದಾರಿ ತೋರಿಸುತ್ತ ತಾನು ಮಾತ್ರ ನಿಂತಲ್ಲೇ ನಿಂತ ಮೈಲಿಗಲ್ಲಿನ ಬಾಳು ಅವರದು. ಪ್ರತಿ ಆಗಸ್ಟಿನಲ್ಲೂ ಮಕ್ಕಳನ್ನು ಬೀಳ್ಕೊಡಲು ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದರು. ಗಾಜಿನ ಬಾಗಿಲಿನ ಹತ್ತಿರ ಬಂದೂಕಿನ ಪೊಲೀಸಿನವನು ಟಿಕೆಟ್ಟು ನೋಡಿ ಮಕ್ಕಳನ್ನು ಒಳಗೆ ಬಿಡುತ್ತಿದ್ದ, ಇವರು ಹೊರಗೆ ನಿಂತು ಕೈ ಬೀಸುತ್ತಿದ್ದರು. ಒಂದೇ ಒಂದು ಸಲ ಆ ಬಾಗಿಲು ದಾಟಬೇಕೆಂದು ಅವರ ಹೊಟ್ಟೆಯೊಳಗೆ ಒಂದು ಆಸೆ. ಅದನ್ನು ಹೆಂಡತಿ ಕಲಾ ಒಬ್ಬಳಿಗೇ ಹೇಳಿಕೊಂಡಿದ್ದರು.

ಆ ಆಸೆಗೆ ಈ ಬುಧವಾರ ಬೆಳಗ್ಗೆ ರೆಕ್ಕೆ ಬಂತು. ಸಲಹೆಗಾರರು ಬಂದು ತಮ್ಮ ಕಾರ್ಯಕ್ರಮವನ್ನು ಕಣ್ಣಾರೆ ನೋಡಲಿ ಎಂದು ಫಿನ್‌ಲ್ಯಾಂಡಿನವರು ಪ್ರವಾಸದ ಅನುದಾನ ಇಟ್ಟಿದ್ದರು. ಟಿಕೆಟ್ಟು, ಹತ್ತು ದಿನದ ವಾಸ, ಊಟ, ಎಲ್ಲ ಅವರದೇ. ತಿಂಗಳ ಹಿಂದೆ ವಿಶ್ವಾರಾಧ್ಯರು ಗುಟ್ಟಾಗಿ ಅರ್ಜಿ ಹಾಕಿದ್ದರು. ಈಗ ಮೇಲ್ ಬಂದಿತ್ತು: ಮಧ್ಯಾಹ್ನ ಮೂರಕ್ಕೆ ಆನ್‌ಲೈನ್ ಸಂದರ್ಶನ. ಅದಕ್ಕೆ ಮುಂಚೆ, ಮಧ್ಯಾಹ್ನ ಎರಡರೊಳಗೆ, ಎರಡು ಪತ್ರ ಕಳಿಸಬೇಕು. ಒಂದು, ನಿಮ್ಮಿಂದ ಸಲಹೆ ಪಡೆದ ಯಾವುದಾದರೂ ಕುಟುಂಬದ್ದು. ಇನ್ನೊಂದು, ನೀವು ಇಲ್ಲಿಗೆ ಹಿಂದೆಂದೂ ಬಂದಿಲ್ಲವೆಂದು ನಿಮ್ಮ ಮೇಲಧಿಕಾರಿಯ ದೃಢೀಕರಣ. ಏಕೆಂದರೆ ಈ ಅನುದಾನ ಇಲ್ಲಿನ ವಿಷಯ ತಿಳಿಯದವರಿಗೆ ಮಾತ್ರ.

"ಹಿಂದೆಂದೂ ಬಂದಿಲ್ಲವೆಂದು" ಎಂಬಲ್ಲಿಗೆ ಬಂದಾಗ ವಿಶ್ವಾರಾಧ್ಯರು ಕಾಫಿ ಲೋಟ ಕೆಳಗಿಟ್ಟು ಮೇಲನ್ನು ಹೆಂಡತಿಯ ಮುಂದೆ ಹಿಡಿದರು.

"ಈಗೇನ್ರೀ ಮಾಡ್ತೀರಾ?" ಅಂದಳು ಕಲಾ. "ನಮ್ಮ ದೀಪಾಂಜಲಿ ನಗರದಲ್ಲಿ ತರಕಾರಿಯವನಿಗೂ ಗೊತ್ತು, ನೀವು ಫಿನ್‌ಲ್ಯಾಂಡ್ ರಿಟರ್ನ್ ಅಂತ."

ಮೊದಲ ಪತ್ರಕ್ಕೆ ದೂರ ಹೋಗಬೇಕಿರಲಿಲ್ಲ. ಮಹಡಿ ಮೇಲಿನ ಮನೆಯ ಅನಂತಲಕ್ಷ್ಮಿ ಸರ್ಕಾರಿ ಶಾಲೆಯ ನಿವೃತ್ತ ಹೆಡ್‌ಮೇಡಂ. ಅವರ ಮೊಮ್ಮಗಳು ಸ್ಮೃತಿ ಈಗ ಅಲ್ಲೇ ಓದುತ್ತಿದ್ದಳು. ವಿಷಯ ಕೇಳಿದ್ದೇ ತಡ ಅವರು ಕನ್ನಡಕ ಹಾಕಿಕೊಂಡು ಮುತ್ತಿನಂಥ ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಟ್ಟರು. ಮೂರನೇ ಸಾಲಿನಲ್ಲೇ ಇತ್ತು: 'ಶ್ರೀಯುತರು ಸ್ವತಃ ಅಲ್ಲಿಗೆ ಹೋಗಿ ಬಂದವರಾದ್ದರಿಂದ ನಾವು ಧೈರ್ಯವಾಗಿ ಕಳಿಸಿದೆವು.'

"ಮೇಡಂ, ಈ ಸಾಲು ಒಂದು ಬೇಡ."

"ಯಾಕಪ್ಪಾ? ಇದ್ದದ್ದನ್ನ ತಾನೇ ಬರೆದಿದೀನಿ."

"ನಮ್ಮನ್ನ ನಾವೇ ಹೊಗಳಿಕೊಂಡ ಹಾಗಾಗತ್ತೆ."

ಅನಂತಲಕ್ಷ್ಮಿಯವರಿಗೆ ಈ ವಿನಯ ಬಹಳ ಮೆಚ್ಚುಗೆಯಾಯಿತು. ಪತ್ರ ಇಸಿದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಹೋಗಿ ಬಂದಿದ್ದರೂ ಅದನ್ನು ಹೇಳಿಕೊಳ್ಳದಷ್ಟು ನಿಗರ್ವಿ.'

ಬೇರೆ ದಾರಿ ಕಾಣದೆ ವಿಶ್ವಾರಾಧ್ಯರು ನೆಲ ನೋಡುತ್ತ, "ಮೇಡಂ, ನಿಜ ಹೇಳ್ತೀನಿ. ನಾನು ಫಿನ್‌ಲ್ಯಾಂಡಿಗೆ ಹೋಗೇ ಇಲ್ಲ," ಅಂದರು.

ಅನಂತಲಕ್ಷ್ಮಿ ಕನ್ನಡಕ ತೆಗೆದರು. "ಪುಕ್ಕಟೆ ಟಿಕೆಟ್ಟು ಸಿಗತ್ತೆ ಅಂತ ಇಷ್ಟು ದೊಡ್ಡ ಸುಳ್ಳು ಹೇಳ್ತೀರಾ? ನಿಮ್ಮ ಮೇಲೆ ಎಷ್ಟು ಗೌರವ ಇಟ್ಕೊಂಡಿದ್ದೆ ನಾನು."

ಹನ್ನೊಂದು ವರ್ಷ ಸುಳ್ಳು ಹೇಳಿದಾಗ ಒಬ್ಬರೂ ಅನುಮಾನಪಟ್ಟಿರಲಿಲ್ಲ. ಒಂದೇ ಒಂದು ನಿಜ ಹೇಳಿದ್ದಕ್ಕೆ ಸಾಕ್ಷಿ ಬೇಕಾಯಿತು. ವಿಶ್ವಾರಾಧ್ಯರು ಕೆಳಗೆ ಓಡಿ ಪಾಸ್‌ಪೋರ್ಟ್ ತಂದರು. ಮೇಡಂ ಉತ್ತರಪತ್ರಿಕೆ ತಿದ್ದುವವರಂತೆ ಒಂದೊಂದೇ ಹಾಳೆ ಮಗುಚಿದರು. ಎಲ್ಲಿಯೂ ಒಂದು ಮುದ್ರೆಯಿಲ್ಲ, ಮಸಿಯ ಚುಕ್ಕೆಯಿಲ್ಲ.

"ಹಳೇ ಪಾಸ್‌ಪೋರ್ಟಲ್ಲಿರತ್ತೆ," ಅಂದರು.

ಕೊನೆಗೆ ಕಲಾಳನ್ನು ಕರೆಸಬೇಕಾಯಿತು. "ಇಲ್ಲ ಆಂಟಿ, ನಮ್ಮೆಜಮಾನ್ರು ತುಮಕೂರು ದಾಟಿದ್ದೇ ಅಪರೂಪ," ಎಂದು ಅವಳು ಗಂಡನ ಮಾನ ಉಳಿಸಿದಳೋ ಕಳೆದಳೋ, ಅಂತೂ ಮೇಡಂ ನಂಬಿದರು. ನಂಬಿದ ಮೇಲೆ ತಾವು ಬರೆದಿದ್ದ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಹರಿದರು. ವಿಶ್ವಾರಾಧ್ಯರಿಗೆ ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ಒಬ್ಬಳೇ ಮೊಮ್ಮಗಳು ಕಣಪ್ಪಾ. ನಿಮ್ಮ ಮಾತಿನ ಮೇಲೆ ಕಳಿಸಿದೆ ನಾನು."

"ತಪ್ಪಾಯ್ತು ಮೇಡಂ. ನಾಚಿಕೆಯಾಗ್ತಿದೆ ನನಗೆ."

"ಆಗಬೇಕು," ಎಂದು ಅವರು ಹೊಸ ಹಾಳೆ ತೆಗೆದರು. "ಆದ್ರೆ ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ ನೋಡಿ. ಆಲೂಗಡ್ಡೆ ಸಹಿತ. ಅದನ್ನೇ ಬರೀತೀನಿ." ಬರೆದರು: 'ಇವರು ಅಲ್ಲಿಗೆ ಎಂದೂ ಹೋದವರಲ್ಲ. ಆದರೂ ಇವರು ಹೇಳಿದ ಪ್ರತಿಯೊಂದು ವಿವರವೂ ಅಕ್ಷರಶಃ ನಿಜವಾಯಿತು.' ವಿಶ್ವಾರಾಧ್ಯರು ಆ ಪತ್ರವನ್ನು ಕಣ್ಣಿಗೊತ್ತಿಕೊಂಡು ಮೆಟ್ರೋ ಹತ್ತಿದರು. ಅದೇ ಪತ್ರ ಮುಂದೆ ಏನು ಮಾಡುತ್ತದೆಂದು ಪಾಪ ಅವರಿಗೇನು ಗೊತ್ತು.

ಇನ್ನೊಂದು ಪತ್ರ ಕೊಡಬೇಕಾದವರು ರಿಜಿಸ್ಟ್ರಾರ್ ಏಕಾಂತಯ್ಯ. ಅವರು ಬಂದಿದ್ದ ಮೇಲನ್ನು ಎರಡು ಸಲ ಓದಿ, ವಿಶ್ವಾರಾಧ್ಯರ ಕಡೆ ಒಂದು ಸಲ ನೋಡಿ, ಮೇಜಿನ ಮೇಲಿದ್ದ ಬಣ್ಣದ ಬ್ರೋಷರ್ ತೆಗೆದು ಬೆರಳಿಟ್ಟು ತೋರಿಸಿದರು. 'ವಿದೇಶದ ನೇರ ಅನುಭವವುಳ್ಳ ಸಲಹೆಗಾರರು' ಎಂದು ವಿಶ್ವಾರಾಧ್ಯರ ಫೋಟೋ ಕೆಳಗೆ ಅಚ್ಚಾಗಿತ್ತು.

"ಐದು ಸಾವಿರ ಕಾಪಿ ಹಂಚಿದೀವಿ ವಿಶ್ವಾರಾಧ್ಯರೇ. ಈಗ ನೀವು ಹೋಗೇ ಇಲ್ಲ ಅಂತ ನಾನು ಹ್ಯಾಗೆ ಸೈನ್ ಮಾಡ್ಲಿ?"

ವಿಶ್ವಾರಾಧ್ಯರು ಪಾಸ್‌ಪೋರ್ಟ್ ಮುಂದಿಟ್ಟರು. ಅಂದು ಬೆಳಗ್ಗೆ ಅದು ಒಂದು ಪರೀಕ್ಷೆ ಪಾಸಾಗಿ ಬಂದಿತ್ತಲ್ಲ. ಏಕಾಂತಯ್ಯ ತಿರುವಿ ನೋಡಿದರು.

"ಹಾಗಾದ್ರೆ ನಿಮ್ಮ ಟೇಬಲ್ ಮೇಲಿರೋ ಕಲ್ಲು?"

"ಮಲ್ಲತ್ತಹಳ್ಳಿ ಕೆರೇದು ಸಾರ್."

"ಹೋದ ವರ್ಷ ನಮ್ಮ ಗೃಹಪ್ರವೇಶಕ್ಕೆ ಒಂದು ಕೊಟ್ರಲ್ಲ?"

"ಅದೂ ಅಲ್ಲೀದೇ ಸಾರ್."

ಏಕಾಂತಯ್ಯ ಹಣೆ ಉಜ್ಜಿಕೊಂಡರು. "ಶೋಕೇಸಲ್ಲಿ ಲೈಟ್ ಹಾಕಿ ಇಟ್ಟಿದೀನ್ರೀ ಅದನ್ನ. ಬೀಗರಿಗೆ ತೋರಿಸಿದೀನಿ. ಬೀಗರು ಇರೋದೇ ಮಲ್ಲತ್ತಹಳ್ಳೀಲಿ."

ಇನ್ನು ಮುಗಿಯಿತು ಎಂದು ವಿಶ್ವಾರಾಧ್ಯರು ಎದ್ದರು. ಆದರೆ ಏಕಾಂತಯ್ಯ ಆಡಳಿತದಲ್ಲಿ ಪಳಗಿದ ಕೈ. ಸ್ವಲ್ಪ ಯೋಚನೆ ಮಾಡಿ ಪೆನ್ನಿನ ಮುಚ್ಚಳ ತೆಗೆದರು. "ನೀವು ಹೋಗಿ ಬಂದ್ಬಿಟ್ರೆ ಬ್ರೋಷರ್ ನಿಜ ಆಗತ್ತಲ್ವಾ? ಹಾಗೇ ಅಲ್ಲಿಂದ ಒಂದು ಕಲ್ಲು ತನ್ನಿ. ಶೋಕೇಸೂ ನಿಜ ಆಗ್ಲಿ." ಸಹಿ ಬಿತ್ತು, ಸೀಲೂ ಬಿತ್ತು.

ಎರಡಕ್ಕೆ ಐದು ನಿಮಿಷ ಇರುವಾಗ ಪತ್ರಗಳು ಹೋದವು. ಕಳಿಸಿದವಳು ಚೇತನಾ, ಆರು ತಿಂಗಳ ಹಿಂದೆ ಸೇರಿದ್ದ ಸಹಾಯಕ ಸಲಹೆಗಾರ್ತಿ. ಬ್ಯಾಡರಹಳ್ಳಿಯ ಹುಡುಗಿ, ಚುರುಕು. ಎರಡು ಪತ್ರವನ್ನೂ ಓದಿಕೊಂಡೇ ಕಳಿಸಿದಳು, ಆದರೆ ಏನೂ ಕೇಳಲಿಲ್ಲ. "ಮೈಕ್ ಕೈಕೊಡತ್ತೆ ಸಾರ್, ನಾನು ಪಕ್ಕದಲ್ಲೇ ಇರ್ತೀನಿ," ಎಂದು ಕುರ್ಚಿ ಎಳೆದುಕೊಂಡು ಕೂತಳು.

ಮೂರಕ್ಕೆ ಸರಿಯಾಗಿ ಪರದೆಯ ಮೇಲೆ ಬಿಳಿ ಕೂದಲಿನ ಒಬ್ಬ ಮೇಡಂ ಮೂಡಿದರು. ಅವರೂ ಇಂಗ್ಲಿಷನ್ನು ನಿಧಾನವಾಗಿ ಆಡುವವರಾದ್ದರಿಂದ ವಿಶ್ವಾರಾಧ್ಯರಿಗೆ ಧೈರ್ಯ ಬಂತು. ಬಂದರೆ ಏನೇನು ನೋಡಲು ಇಷ್ಟಪಡುತ್ತೀರಿ ಎಂದು ಮೇಡಂ ಕೇಳಿದರು.

ಇಲ್ಲಿ ವಿಶ್ವಾರಾಧ್ಯರು, ನನಗೇನೂ ಗೊತ್ತಿಲ್ಲ ತಾಯಿ, ಎಲ್ಲವನ್ನೂ ನೋಡಬೇಕು ಅಂದಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಹನ್ನೊಂದು ವರ್ಷದ ಅಭ್ಯಾಸ, ಬಾಯಿ ಕೇಳಬೇಕಲ್ಲ. ಹಾಸ್ಟೆಲಿನ ಹಿಂದಿನ ಬೇಕರಿಯಿಂದ ಶುರು ಮಾಡಿ ನೆಲಮಾಳಿಗೆಯ ಮಿಷನ್ನಿಗೆ ಇಳಿದು, ಲೈಬ್ರರಿ ಹತ್ತಿ, ಗ್ರಂಥಪಾಲಕರ ನಾಯಿಯ ಹೆಸರು ಹೇಳಿ, ಕ್ಯಾಂಟೀನಿಗೆ ಬಂದರು.

"ಸ್ಟೇಷನ್ನಿನಿಂದ ನಾಲ್ಕನೇ ನಂಬರ್ ಬಸ್ಸು ಹತ್ತಿದರೆ," ಎಂದು ಮೇಡಂ ನಡುವೆ ಹೇಳಹೋದರು.

"ನಾಲ್ಕನೇ ನಂಬರ್ ಅಕ್ಟೋಬರಿನಲ್ಲೇ ನಿಂತುಹೋಯಿತು ಮೇಡಂ," ಅಂದರು ವಿಶ್ವಾರಾಧ್ಯರು. "ಈಗ ಏಳು. ಭಾನುವಾರ ಬೆಳಗ್ಗೆ ಅದೂ ಇಲ್ಲ."

ಮೇಡಂ ಕಂಪ್ಯೂಟರಿನಲ್ಲಿ ಏನೋ ಹುಡುಕಿದರು. "ನಿಜ," ಅಂದರು. "ನನಗೇ ಗೊತ್ತಿರಲಿಲ್ಲ." ಚೇತನಾ ಮೇಜಿನ ಕೆಳಗೆ ವಿಶ್ವಾರಾಧ್ಯರ ಕಾಲು ತುಳಿದಳು. ಶಭಾಷ್ ಅನ್ನುತ್ತಿದ್ದಾಳೆಂದು ತಿಳಿದು ಅವರು ಸೌನಾ ಎಂಬ ಅಲ್ಲಿನ ಹಬೆಸ್ನಾನದ ವಿಷಯಕ್ಕೆ ಹೊರಟರು.

ಎಲ್ಲ ಮುಗಿದ ಮೇಲೆ ಪರದೆಯ ಮೇಲಿನ ಮೇಡಂ, ಅನಂತಲಕ್ಷ್ಮಿಯವರ ಪತ್ರ ತೆಗೆದು, ಆ ಎರಡು ಸಾಲು ಗಟ್ಟಿಯಾಗಿ ಓದಿದರು. ಅವರ ಕಣ್ಣಲ್ಲಿ ನಿಜವಾದ ಮೆಚ್ಚುಗೆಯಿತ್ತು.

"ಮಿಸ್ಟರ್ ವಿಶ್ವಾರಾಧ್ಯ, ಇಷ್ಟು ವರ್ಷದಲ್ಲಿ ನಿಮ್ಮಂಥ ಸಲಹೆಗಾರರನ್ನು ನಾನು ಕಂಡಿಲ್ಲ. ಇಲ್ಲಿಗೆ ಬಂದು ನೀವು ತಿಳಿಯಬೇಕಾದದ್ದು ಒಂದೂ ಉಳಿದಿಲ್ಲ. ಈ ಅನುದಾನವಿರುವುದು ತಿಳಿಯದವರಿಗೆ." ಆಮೇಲೆ ಸ್ವಲ್ಪ ಪಕ್ಕಕ್ಕೆ ನೋಡಿ, "ನಿಮ್ಮ ಜೊತೆಗಿರುವವರು ಯಾರು?" ಅಂದರು.

"ಸಹಾಯಕ ಸಲಹೆಗಾರ್ತಿ," ಅಂದಳು ಚೇತನಾ.

"ನಿಮಗೆ ನಮ್ಮ ಕ್ಯಾಂಪಸ್ಸಿನ ಬಗ್ಗೆ ಎಷ್ಟು ಗೊತ್ತು?"

ಚೇತನಾ ಪ್ರಾಮಾಣಿಕ ಹುಡುಗಿ. "ಏನೂ ಗೊತ್ತಿಲ್ಲ ಮೇಡಂ," ಅಂದಳು.

"ಹಾಗಾದರೆ ನೀವು ಬರಲೇಬೇಕು. ನಿಮ್ಮ ಕಚೇರಿಗಿಟ್ಟ ಅನುದಾನದ ಸ್ಥಾನ ನಿಮಗೆ. ಇವತ್ತು ನಿಮ್ಮ ಸಮಯ ಸಂಜೆ ಐದರೊಳಗೆ ಒಪ್ಪಿಗೆ ಕಳಿಸಿ, ಇಲ್ಲದಿದ್ದರೆ ಅದು ಬೇರೆ ದೇಶದವರಿಗೆ ಹೋಗುತ್ತದೆ." ಮೇಡಂ ವಿಶ್ವಾರಾಧ್ಯರಿಗೆ ನಕ್ಕು "ಕೀತೋಸ್" ಅಂದರು. ಪರದೆ ಕಪ್ಪಾಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಿಶ್ವಾರಾಧ್ಯರು ಕಪ್ಪು ಪರದೆಯನ್ನೇ ನೋಡುತ್ತ ಕೂತರು. ಅಳುವಷ್ಟು ದುಃಖವಾಗಿತ್ತು, ಆದರೆ ತಮ್ಮ ಬಸ್ಸಿನ ನಂಬರನ್ನು ನೆನೆದರೆ ನಗುವೂ ಬರುತ್ತಿತ್ತು.

"ಕಾಲು ತುಳಿದ್ನಲ್ಲ ಸಾರ್," ಅಂದಳು ಚೇತನಾ. ಅವಳ ಕಣ್ಣಲ್ಲೂ ನೀರಿತ್ತು. "ನಾನು ಹೋಗಲ್ಲ. ನಿಮ್ಮದು ಅದು."

"ಹುಚ್ಚು ಹುಡುಗಿ. ಆ ಟಿಕೆಟ್ಟು ಬೇರೆ ದೇಶದವರ ಪಾಲಾಗೋದಕ್ಕಿಂತ ಬ್ಯಾಡರಹಳ್ಳಿಗೆ ಬರೋದು ಮೇಲಲ್ವೇನಮ್ಮಾ? ಮನೇಗೆ ಫೋನ್ ಮಾಡು, ಹೋಗು."

ಅವಳು ಕಿಟಕಿಯ ಹತ್ತಿರ ಹೋಗಿ ತಾಯಿ ಚಿಕ್ಕಗಂಗಮ್ಮನಿಗೆ ಫೋನ್ ಮಾಡಿದಳು. ಹತ್ತು ನಿಮಿಷ ಗುಸುಗುಸು ನಡೆಯಿತು, ಆಮೇಲೆ ವಾದ, ಆಮೇಲೆ ಬರೀ "ಅಮ್ಮಾ, ಅಮ್ಮಾ". ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಚೇತನಾ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಹತ್ತಿರ ಬಂದಳು.

"ಸಾರ್, ನಮ್ಮಮ್ಮ ಒಪ್ತಿಲ್ಲ. ಕಂಡರಿಯದ ದೇಶ ಅಂತಾರೆ. ನಿಮ್ಮ ಹತ್ರ ಒಂದೇ ಒಂದು ಮಾತು ಕೇಳ್ಬೇಕಂತೆ." ಆಮೇಲೆ ದನಿ ತಗ್ಗಿಸಿ, "ಪ್ಲೀಸ್ ಸಾರ್. ಯಾವಾಗ್ಲೂ ಹೇಳೋದನ್ನೇ ಹೇಳ್ಬಿಡಿ," ಅಂದಳು.

ವಿಶ್ವಾರಾಧ್ಯರು ಫೋನ್ ತೆಗೆದುಕೊಂಡರು.

"ನಮಸ್ಕಾರ ಸ್ವಾಮಿ. ನಾನು ಓದಿದೋಳಲ್ಲ, ತಪ್ಪು ತಿಳ್ಕೋಬೇಡಿ. ಆ ಊರಿಗೆ ನೀವು ಹೋಗಿ ನೋಡಿದೀರಾ?"

ತಲೆ ತನ್ನಷ್ಟಕ್ಕೆ ತಾನೇ ಆಡಿತು. ಆದರೆ ಫೋನಿನಲ್ಲಿ ಅದು ಕಾಣುವುದಿಲ್ಲ. ಇಷ್ಟು ವರ್ಷ ತಲೆಯ ಮೇಲೆ ಹಾಕಿದ್ದ ಭಾರವನ್ನು ಈಗ ಬಾಯೇ ಹೊರಬೇಕಾಯಿತು. ವಿಶ್ವಾರಾಧ್ಯರು ಮೇಜಿನ ಮೇಲಿನ ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡರು.

"ಹೂಂನಮ್ಮಾ. ನೋಡಿದೀನಿ. ಒಳ್ಳೇ ಜನ. ಕ್ಯಾಂಟೀನಲ್ಲಿ ಒಬ್ಬ ಹೆಣ್ಮಗಳಿದಾಳೆ, ಕೇಳಿದಷ್ಟು ಬಡಿಸ್ತಾಳೆ. ಮಗಳನ್ನ ಧೈರ್ಯವಾಗಿ ಕಳಿಸಿ."

ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿತು. "ಅಷ್ಟು ಸಾಕು ಸ್ವಾಮಿ. ಕಣ್ಣಾರೆ ಕಂಡೋರು ಹೇಳಿದ್ಮೇಲೆ ಇನ್ನೇನು. ಹೊರಡೋ ದಿನ ಏರ್‌ಪೋರ್ಟಿಗೆ ನೀವೂ ಬನ್ನಿ. ದಾರಿ ಗೊತ್ತಿರೋರು ಒಬ್ರು ಜೊತೇಲಿದ್ರೆ ನಮಗೂ ಒಂದು ಧೈರ್ಯ."

"ಬರ್ತೀನಮ್ಮಾ," ಅಂದರು ವಿಶ್ವಾರಾಧ್ಯರು. "ಗಾಜಿನ ಬಾಗಿಲ ತನಕ ಬರ್ತೀನಿ."