ಕ್ಲೇಟನ್‌ನನ್ನು ಕಳೆದರೆ ಬೆಕ್ಕು

ಬೆಕ್ಕಿನ ಪಥ್ಯದಿಂದ ಬೆಕ್ಕಿಗಿಂತ ಹೆಚ್ಚು ಬಳಲಿದವನು ತಾನೇ ಎಂಬುದರಲ್ಲಿ ಕ್ಲೇಟನ್‌ಗೆ ಅನುಮಾನವಿರಲಿಲ್ಲ.

ಮೂವತ್ತೊಂದು ವರ್ಷ ಮಿನೆಸೋಟದ ಹಳ್ಳಿ ರಸ್ತೆಗಳಲ್ಲಿ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದವನು, ಇನ್ನು ಕುರ್ಚಿಯಲ್ಲಿ ಕೂತು ಹಿಮ ಬೀಳುವುದನ್ನು ನೋಡೋಣ ಅಂದುಕೊಂಡಿದ್ದ. ಕುರ್ಚಿಯಲ್ಲಿ ಗಸ್ ಮೊದಲೇ ಮಲಗಿದ್ದ. ಹದಿನೇಳು ಪೌಂಡಿನ, ಚಳಿಕೋಟಿನಂಥ ರೋಮದ ಗಂಡುಬೆಕ್ಕು.

"ತೂಕ ಇಳಿಯದಿದ್ರೆ ಇವನಿಗೆ ಸಕ್ಕರೆ ಕಾಯಿಲೆ ಬರಬಹುದು. ಆಮೇಲೆ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕಾಗುತ್ತೆ," ಎಂದಿದ್ದರು ಪಶುವೈದ್ಯೆ ಹಾಲ್ವರ್ಸನ್.

"ಚುಚ್ಚೋದು ನೀನೇ. ಮನೇಲಿ ಬಿದ್ದಿರೋನು ನೀನು ತಾನೇ," ಎಂದಳು ಹೆಂಡತಿ ಮಾರ್ಲಿಸ್, ಕಾರು ಹತ್ತುತ್ತ.

ಸೂಜಿ ಕಂಡರೆ ಕ್ಲೇಟನ್ ಕುಸಿಯುತ್ತಾನೆ. (ಫ್ಲೂ ಲಸಿಕೆಯ ದಿನ ಔಷಧಿ ಅಂಗಡಿಯ ನೆಲದಲ್ಲಿ ಅವನು ಮಲಗಿದ್ದನ್ನು ಅರ್ಧ ಊರು ನೋಡಿದೆ.) ಆದ್ದರಿಂದ ಪಥ್ಯದ ಮಹಾಯಜ್ಞಕ್ಕೆ ಅವನೇ ದೀಕ್ಷೆ ತೊಟ್ಟ.

ಗಸ್ ತೂಕದ ಯಂತ್ರದ ಮೇಲೆ ನಿಲ್ಲುವ ಪೈಕಿಯಲ್ಲ. ಹಾಗಾಗಿ ಮೊದಲ ದಿನ ಕ್ಲೇಟನ್ ಒಬ್ಬನೇ ನಿಂತ: ನೂರ ಎಂಬತ್ತೆರಡು ಪೌಂಡು. ಮಾರ್ಲಿಸ್ ಅದನ್ನು ಕ್ಯಾಲೆಂಡರಿನ ಮೇಲೆ ಬರೆದಳು. ಪ್ರತಿ ಭಾನುವಾರ ಚರ್ಚಿಗೆ ಹೊರಡುವ ಮೊದಲು ಗಸ್‌ನನ್ನು ಎತ್ತಿಕೊಂಡು ನಿಲ್ಲುವುದು, ಬಂದ ಸಂಖ್ಯೆಯಲ್ಲಿ ನೂರ ಎಂಬತ್ತೆರಡು ಕಳೆಯುವುದು, ಉಳಿದದ್ದು ಬೆಕ್ಕು.

ಉಳಿದದ್ದು ವಾರವಾರವೂ ಏರಿತು. ಗಸ್‌ನ ಊಟ ಅರ್ಧ ಬಟ್ಟಲಿಗೆ, ಆಮೇಲೆ ಕಾಲು ಬಟ್ಟಲಿಗೆ ಇಳಿಯಿತು.

ಗಸ್ ಬೆಳಗಾಗುವ ಮೊದಲೇ ಬಾಗಿಲು ಕೆರೆದು ಅಳತೊಡಗಿದ. ಕಣಕಾಲು ಕಚ್ಚಿದ. ಬರಿ ಬಟ್ಟಲು ನೆಕ್ಕಿದ. ಮಾರ್ಲಿಸ್ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದಳು: ಬೆಕ್ಕು ಯಾಕೆ ಅಳುತ್ತೆ, ಯಾಕೆ ಕಚ್ಚುತ್ತೆ? ಬೇಸರವಿರಬೇಕು, ಆಟ ಆಡಿಸಿ ಎಂದರು. ಕ್ಲೇಟನ್ ಭುಜ ನೋಯುವ ತನಕ ಗರಿ ಕಟ್ಟಿದ ಕೋಲು ಬೀಸಿದ. ಹಸಿದ ಪ್ರಾಣಿಯ ಎದುರು ತಿನ್ನಲು ಅವನಿಗೆ ಮನಸ್ಸಾಗಲಿಲ್ಲ. ಗ್ಯಾರೇಜಿನ ಟ್ರಕ್ಕಿನಲ್ಲಿ ಕೂತು, ಚರ್ಚಿನ ಹೆಂಗಸರು ಕೊಟ್ಟ ಕ್ಯಾರಮೆಲ್ ಬಿಲ್ಲೆಗಳನ್ನು ಡಬ್ಬಿಗಟ್ಟಲೆ ತಿಂದು ದುಃಖ ಕಳೆದ.

ಆರನೆಯ ಭಾನುವಾರ ಯಂತ್ರ ಇನ್ನೂರ ಆರು ತೋರಿಸಿತು.

"ಇಪ್ಪತ್ತನಾಲ್ಕು ಪೌಂಡು," ಎಂದಳು ಮಾರ್ಲಿಸ್. "ಕದ್ದು ಹಾಕ್ತಿದೀಯ."

"ಒಂದು ಕಾಳೂ ಹಾಕಿಲ್ಲ ಕಣೆ."

"ಹಾಗಾದ್ರೆ ಗಾಳಿ ಕುಡಿದು ಊದ್ಕೊಂಡ್ನಾ?"

ಸೋಮವಾರ ಆಸ್ಪತ್ರೆಯಲ್ಲಿ ಕ್ಲೇಟನ್ ಸೂಜಿಗಳ ಪೆಟ್ಟಿಗೆ ಕಾಣದ ಕಡೆ ಮುಖ ತಿರುಗಿಸಿ ನಿಂತ. ವೈದ್ಯೆ ಗಸ್‌ನನ್ನು ಮೇಜಿನ ತಕ್ಕಡಿಯ ಮೇಲಿಟ್ಟು, ರೋಮದೊಳಗೆ ಬೆರಳಾಡಿಸಿದರು.

"ಹದಿಮೂರು. ಪಕ್ಕೆಲುಬು ಸಿಗ್ತಿದೆ. ಇಷ್ಟು ಅವಸರದಲ್ಲಿ ಇಳಿಸಿದ್ರೆ ಲಿವರ್ ಕೆಡುತ್ತೆ ಕ್ಲೇಟನ್. ಪುಣ್ಯಕ್ಕೆ ಸಕ್ಕರೆಯೂ ಇಲ್ಲ, ಬೇಸರವೂ ಇಲ್ಲ. ಇವನಿಗೆ ಹಸಿವು."

ಕ್ಲೇಟನ್ ನಿಟ್ಟುಸಿರು ಬಿಟ್ಟ. ಸೂಜಿ ತಪ್ಪಿತು. ಮಾರ್ಲಿಸ್ ತಾನೂ ಗಸ್‌ನ ಪಕ್ಕೆಲುಬು ಮುಟ್ಟಿ ನೋಡಿದಳು. ಅವಳ ತುಟಿಗಳು ಲೆಕ್ಕ ಮಾಡುತ್ತಿದ್ದವು. ಕಣ್ಣು ಮೆಲ್ಲಗೆ ಅವನ ಅಂಗಿಯ ಗುಂಡಿಗಳ ಮೇಲೆ ಬಂದು ನಿಂತಿತು.

"ಹೊರಗೆ ನೆಲದಲ್ಲಿರೋ ತಕ್ಕಡಿ ಹತ್ತು."

"ಅದು ದೊಡ್ಡ ನಾಯಿಗಳಿಗೆ."

"ಬೂಟು ಬಿಚ್ಚಿ ಹತ್ತು."

ತಕ್ಕಡಿಯ ಮೇಲೆ ಕೂತಿದ್ದ ಮುದಿ ಲ್ಯಾಬ್ರಡಾರ್ ಎದ್ದು ಜಾಗ ಬಿಟ್ಟಿತು. ಕ್ಲೇಟನ್ ಕಾಲುಚೀಲದಲ್ಲಿ ಹತ್ತಿ ನಿಂತ. ಕಂಪ್ಯೂಟರಿನಿಂದ ತಲೆಯೆತ್ತದ ಸ್ವಾಗತದ ಹುಡುಗಿ, "ನೂರ ತೊಂಬತ್ಮೂರು. ಜಾಣ ಮರಿ," ಎಂದು ಅಭ್ಯಾಸಬಲದಿಂದ ಬಿಸ್ಕತ್ತಿನ ಭರಣಿಗೆ ಕೈಹಾಕಿದಳು.

"ಬೇಡಮ್ಮ," ಎಂದಳು ಮಾರ್ಲಿಸ್, ಗಸ್‌ನ ಬೆನ್ನು ಸವರುತ್ತ. "ಅವನಿಗೆ ಇವತ್ತಿಂದ ಪಥ್ಯ."